ಸೈಕಲ್ ದೀಪಕ್ಕೊಂದು ಖಾಲಿ ಫೋನು

ಊರ ಡೇರಿಗೆ ಸೆಕ್ರೆಟರಿ ಆದವನಿಗೆ ಹಾಲು ಬರುವುದು ಒಂದು ದಿನ ತಪ್ಪಬಹುದು, ಫಜೀತಿ ಬರುವುದು ತಪ್ಪುವುದಿಲ್ಲ. ನನಗೆ ಬಂದವುಗಳಲ್ಲಿ ಹೆಚ್ಚಿನವು ಸೈಕಲ್ ಹತ್ತಿಯೇ ಬಂದವು. ನಮ್ಮ ಮನೆ ಇರುವುದು ಊರ ಹೊರಗಿನ ಹೊಲದಲ್ಲಿ. ಮುಂಜಾನೆ ಹಾಲು ಅಳೆಯಲು ನಸುಕಿನಲ್ಲೇ ಡೇರಿಗೆ ಹೋಗಬೇಕು, ಸಂಜೆ ಅಳೆದು ಮುಗಿಸಿ ಬರುವಾಗ ಮುಚ್ಚಂಜೆ ದಾಟಿರುತ್ತದೆ. ದಾರಿಯಲ್ಲಿ ದೀಪದ ಕಂಬಗಳಿವೆ, ದೀಪಗಳಿಲ್ಲ.

ಎಮ್ಮೆ

ಒಂದು ನಸುಕಿನಲ್ಲಿ ದಾರಿ ನಡುವೆ ಮಲಗಿದ್ದ ಎಮ್ಮೆಗೆ ಸೈಕಲ್ ಹಾಯಿಸಿದೆ. ಎಮ್ಮೆ ಏಳಲಿಲ್ಲ. ನಾನು ಏಳುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಎಮ್ಮೆಯ ಯಜಮಾನರು ನಮ್ಮ ಡೇರಿಗೇ ಹಾಲು ಹಾಕುವವರು. ಅವತ್ತು ಕ್ಯಾನಿನಲ್ಲಿ ಹಾಲು ಕಡಿಮೆ ಇತ್ತು. "ಎಮ್ಮಿ ಹೆದರ್ಯದ ನೋಡ್ರಿ. ನೀವರ ಸ್ವಲ್ಪ ಕಣ್ಣ ತಗದು ಬರಬಾರದೇನ್ರಿ?" ಎಂದರು.

ಮನೆಯಲ್ಲಿ ಹೆಂಡತಿ ನನ್ನ ಮೊಣಕಾಲಿಗೆ ಅರಿಷಿಣ ಹಚ್ಚುತ್ತ ತೀರ್ಪು ಕೊಟ್ಟಳು. "ಇನ್ನೊಮ್ಮೆ ಬಿದ್ದು ಬಂದ್ರ ಸೈಕಲ್ ಗುಜರಿಯವಗ ಹಾಕ್ತೇನಿ."

ಆಕೆ ಹೇಳಿದ್ದನ್ನು ಮಾಡುವವಳು. ನನ್ನ ರೇಡಿಯೋ ಹಾಗೇ ಹೋಗಿದೆ. ಈ ಸೈಕಲ್ಲನ್ನು ನಾನು ನನ್ನ ಮೊದಲ ಪಗಾರದಲ್ಲಿ ಹಾನಗಲ್ಲಿನಲ್ಲಿ ಕೊಂಡು, ಅಲ್ಲಿಂದ ತುಳಿದುಕೊಂಡೇ ಊರಿಗೆ ತಂದದ್ದು. ಮೋಟರ್ ಸೈಕಲ್ ನನಗೆ ಬರುವುದಿಲ್ಲ. ಇದು ಹೋದರೆ ಡೇರಿ ಅಧ್ಯಕ್ಷರ ಬೈಕಿನ ಹಿಂದೆ ಕೂರಬೇಕು. ಅಧ್ಯಕ್ಷರು ಬೈಕ್ ಓಡಿಸುತ್ತಲೇ ಎರಡೂ ಕೈ ಬಿಟ್ಟು ಮಾತಾಡುತ್ತಾರೆ.

ಶಾಣ್ಯಾ ಪವರ್ ಬ್ಯಾಂಕು

ಶಿಗ್ಗಾಂವಿಗೆ ಹೋಗಿ ಮೊಬೈಲ್ ಅಂಗಡಿಯಲ್ಲಿ ಒಂದು ಸೈಕಲ್ ದೀಪ, ಅದಕ್ಕೆ ಕರೆಂಟು ಕೊಡಲು ಒಂದು ಪವರ್ ಬ್ಯಾಂಕು ತಂದೆ. ದೀಪವನ್ನು ಹ್ಯಾಂಡಲ್ಲಿಗೆ ಬಿಗಿದು, ಪವರ್ ಬ್ಯಾಂಕನ್ನು ಮುಂದಿನ ಚೀಲದಲ್ಲಿ ಇಟ್ಟು ಹೊರಟೆ. ಬಾವಿ ದಾಟುವಷ್ಟರಲ್ಲಿ ದೀಪ ಆರಿತು. ಪವರ್ ಬ್ಯಾಂಕಿನ ಗುಂಡಿ ಒತ್ತಿದೆ, ಹತ್ತಿತು. ಬೇವಿನ ಗಿಡದ ಹತ್ತಿರ ಮತ್ತೆ ಆರಿತು. ಡೇರಿ ಮುಟ್ಟುವ ತನಕ ಕಾಲಲ್ಲಿ ತುಳಿಯುತ್ತ, ಕೈಯಲ್ಲಿ ಒತ್ತುತ್ತ ಹೋದೆ.

ಅಂಗಡಿಯವನನ್ನು ಹೋಗಿ ಕೇಳಿದೆ.

"ಏನೂ ಕೆಟ್ಟಿಲ್ರಿ. ಪವರ್ ಬ್ಯಾಂಕ್ ಭಾಳ ಶಾಣ್ಯಾ ಐತಿ. ನಿಮ್ಮ ದೀಪ ಚೂರೇ ಚೂರು ಕರೆಂಟ್ ತಗೋತೈತಿ. ಇಷ್ಟು ಸಣ್ಣ ಗಿರಾಕಿಗೆ ಯಾಕ ಅಂಗಡಿ ತಗದಿಡ್ಲಿ ಅಂತ ಅದು ತಾನ ಬಂದ್ ಆಗ್ತೈತಿ."

"ಮತ್ತ ನಾ ಏನ್ ಮಾಡ್ಲಿ?"

"ದೀಪದ ಜೋಡಿ ಒಂದು ಫೋನ್ ಚಾರ್ಜಿಗೆ ಹಚ್ರಿ. ದೊಡ್ಡ ಗಿರಾಕಿ ಇದ್ರ ಬಂದ್ ಆಗೂದಿಲ್ಲ."

ಕೊಳ್ಳುವಾಗಲೇ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ದೀಪ ಕೇಳಿದ್ರಿ. ಎಷ್ಟು ಹೊತ್ತು ಉರೀಬೇಕು ಅಂತ ಎಲ್ಲಿ ಹೇಳಿದ್ರಿ?"

ಖಾಲಿ ಫೋನ್ ಯಾರ್ದೈತ್ರಿ?

ನನ್ನ ಫೋನು ಹಚ್ಚಿದೆ. ನನಗೆ ಯಾರೂ ಫೋನ್ ಮಾಡುವುದಿಲ್ಲವಾದ್ದರಿಂದ ಅದರ ಬ್ಯಾಟರಿ ಇಳಿಯುವುದೇ ಇಲ್ಲ. ಅರ್ಧ ದಾರಿಯಲ್ಲಿ ಅದರ ಹೊಟ್ಟೆ ತುಂಬಿತು, ದೀಪ ಆರಿತು. ಹಾಗಾಗಿ ಅದನ್ನು ಖಾಲಿ ಮಾಡಲು ಹಗಲೆಲ್ಲ ಟಾರ್ಚ್ ಹಚ್ಚಿ ಡೇರಿಯ ಟೇಬಲ್ಲಿನ ಮೇಲೆ ಇಡತೊಡಗಿದೆ. ಹಾದುಹೋದವರೆಲ್ಲ ಪರೋಪಕಾರಿಗಳು. "ಮರ್ತೀರಿ ನೋಡ್ರಿ" ಎಂದು ಒಬ್ಬೊಬ್ಬರೂ ಆರಿಸಿ ಹೋದರು.

ಕೊನೆಗೆ ಸಂಜೆ ಹಾಲು ತಂದವರನ್ನೇ ಕೇಳಿದೆ, "ಖಾಲಿ ಫೋನ್ ಯಾರ್ದೈತ್ರಿ? ಒಯ್ದು ತುಂಬಿಸಿ ಮುಂಜಾನೆ ಕೊಡ್ತೇನಿ." ಎಮ್ಮೆಯ ಯಜಮಾನರು ಕೊಟ್ಟರು. ಬಾವಿಯ ಹತ್ತಿರ ಅದು ರಿಂಗಾಯಿತು. ಎತ್ತಿದರೆ ಸವಣೂರಿನ ದನದ ದಲಾಲಿ.

"ನಿಮ್ಮ ಎಮ್ಮಿ ಕೊಡೂದೈತಿ ಅಂತ ಕೇಳೇನಿ. ಸಾಧು ಐತೇನ್ರಿ?"

ಯಜಮಾನರಿಗೆ ಉಪಕಾರವಾಗಲಿ ಎಂದು ನನಗೆ ಗೊತ್ತಿದ್ದನ್ನೇ ಹೇಳಿದೆ. "ಭಾಳ ಸಾಧು ಐತ್ರಿ. ಮೈಮ್ಯಾಲೆ ಸೈಕಲ್ ಹಾಯ್ದ್ರೂ ಏಳೂದಿಲ್ಲ."

"ಏಳೂ ತಾಕತ್ತ ಇಲ್ಲದ ಎಮ್ಮಿ ತಗೊಂಡು ನಾ ಏನ್ ಮಾಡ್ಲಿ?" ಎಂದು ದಲಾಲಿ ಫೋನ್ ಇಟ್ಟ.

ಎಮ್ಮೆ ಈಗಲೂ ಊರಲ್ಲೇ ಇದೆ. ನನಗೆ ಮಾತ್ರ ಆಮೇಲೆ ಯಾರೂ ಫೋನ್ ಕೊಡಲಿಲ್ಲ.

ತಂಗಿ

ನಮ್ಮ ಸೀಮೆಯಲ್ಲಿ ಸಂಜೆಗೆ ಖಂಡಿತ ಖಾಲಿಯಾಗುವ ಫೋನು ಒಂದೇ, ನನ್ನ ಹೆಂಡತಿಯದು. ಆಕೆಯ ತಂಗಿ ಇರುವುದು ಹಿರೇಕೆರೂರು ತಾಲೂಕಿನ ಹಂಸಭಾವಿಯಲ್ಲಿ. ಅಕ್ಕತಂಗಿಯರ ಮಾತು ಮುಂಜಾನೆ ರೊಟ್ಟಿಯ ಹೊತ್ತಿಗೆ ಶುರುವಾದರೆ ಬ್ಯಾಟರಿಯೇ ಸೋಲಬೇಕು. ಇಷ್ಟು ವರ್ಷ ಈ ಮಾತಿನ ಮೇಲೆ ಸಿಡುಕುತ್ತಿದ್ದವನು ಈಗ ಮಧ್ಯಾಹ್ನ ಊಟಕ್ಕೆ ಕೂತಾಗ, "ಇವತ್ತ ತಂಗಿ ಜೋಡಿ ಮಾತಾಡಿದ್ಯೋ ಇಲ್ಲೋ?" ಎಂದು ಕೇಳತೊಡಗಿದೆ. ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು.

ಸಂಜೆ ಆಕೆಯ ಖಾಲಿ ಫೋನು ಒಯ್ಯುತ್ತಿದ್ದೆ, ಬರುವಾಗ ಚಾರ್ಜಿಗೆ ಹಚ್ಚಿ ತರುತ್ತಿದ್ದೆ. ದೀಪ ಒಮ್ಮೆಯೂ ಆರಲಿಲ್ಲ. ಒಂದು ಸಂಜೆ ಮಾತ್ರ ದಾರಿಯಲ್ಲಿ ತಂಗಿಯ ಫೋನ್ ಬಂತು. ಅಕ್ಕ ಮನೆಯಲ್ಲಿದ್ದಾಳೆ, ನಾನು ಸೈಕಲ್ ಮೇಲಿದ್ದೇನೆ ಎಂದೆ. ಇರಲಿ ಬಿಡ್ರಿ ಎಂದು ಆಕೆ ಅಕ್ಕನಿಗೆ ಹೇಳಬೇಕಾಗಿದ್ದ ತನ್ನ ಅತ್ತೆಯ ಸುದ್ದಿಯನ್ನು ನನಗೇ ಶುರು ಮಾಡಿದಳು. ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ಅತ್ತೆ. ತಿರುವಿನಲ್ಲಿ ಕಾಲುವೆಗೆ ಇಳಿದೆ. ದೀಪ ಬಹಳ ಚೆನ್ನಾಗಿ ಉರಿಯುತ್ತಿತ್ತು. ಕಾಲುವೆಯನ್ನು ಸ್ಪಷ್ಟವಾಗಿ ನೋಡುತ್ತಲೇ ಬಿದ್ದೆ.

"ಮಾಮಾರ, ಬಿದ್ರಿ ಏನ್ರಿ?"

"ಇಲ್ಲವಾ. ಇಳಿದೆ."

"ಸಪ್ಪಳ ಕೇಳ್ತಲ್ರಿ. ತಡೀರಿ, ಅಕ್ಕಗ ಹೇಳ್ತೇನಿ."

ಅಕ್ಕನಿಗೆ ಹೇಳಲು ಇದ್ದ ಫೋನು ನನ್ನ ಕೈಯಲ್ಲಿತ್ತು. ಬಂದ್ ಮಾಡಿದೆ. ಕೈಪಂಪಿನ ನೀರಲ್ಲಿ ಕೆಸರು ತೊಳೆದುಕೊಂಡು, "ಚಾರ್ಜ್ ಆಗಿಲ್ಲ" ಎಂದು ಫೋನನ್ನು ಹೆಂಡತಿಗೆ ಕೊಟ್ಟೆ. ಮನೆಯಲ್ಲಿ ಕರೆಂಟೂ ಇರಲಿಲ್ಲ. ಕರೆಂಟು ಹೋದದ್ದಕ್ಕೆ ನಾನು ಸಂತೋಷಪಟ್ಟದ್ದು ಅದೇ ಮೊದಲು.

ಮರುದಿನ ಮೊದಲ ಬಸ್ಸಿಗೆ ತಂಗಿ ಹಂಸಭಾವಿಯಿಂದ ಖುದ್ದಾಗಿ ಬಂದಳು.

ಸಪ್ಪಳ ಸಮೇತ ವರದಿ ಒಪ್ಪಿಸಿದಳು. ಗುಜರಿಯವನೂ ಅವತ್ತೇ ಬರಬೇಕೇ? ಹೆಂಡತಿ ಕರೆದಳು. ಅವನು ಬಂದವನೇ ಸೈಕಲ್ಲನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ. ಅದು ಮುಂದಿನ ಗಾಲಿ ತಿರುಗಿಸುತ್ತ ತೂಗಾಡಿತು. "ಅದೊಂದು ಬಿಟ್ಟುಬಿಡು" ಎಂದು ಹೆಂಡತಿಯನ್ನು ಎಲ್ಲರೆದುರೇ ಬೇಡಿಕೊಂಡೆ.

ಇಷ್ಟಾಗುತ್ತದೆಂದು ತಂಗಿಯೂ ಎಣಿಸಿರಲಿಲ್ಲ. "ಅಕ್ಕಾ, ಸೈಕಲ್ಲಿಂದೇನ ತಪ್ಪು? ನಾ ಫೋನ್ ಮಾಡಿದ್ದಕ್ಕ ಬಿದ್ರು."

"ಹಂಗಾದ್ರ ಇನ್ನ ಫೋನ್ ಒಯ್ಯೂದು ಬ್ಯಾಡ. ದೀಪದ ಜೋಡಿ ಮತ್ತೇನ್ ಹಚ್ತಾರ?"

ತಂಗಿ ಬಸ್ಸಿನ ಸೆಕೆಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಅಂಗೈಯಗಲದ ಫ್ಯಾನ್ ತೆಗೆದಳು. ಅದೂ ಪವರ್ ಬ್ಯಾಂಕಿಗೆ ಹಚ್ಚುವಂಥದ್ದು. "ಇದನ್ನ ಹಚ್ರಿ. ಇದರ ಹೊಟ್ಟಿ ತುಂಬೂದಿಲ್ಲ, ಇದಕ್ಕ ಯಾರೂ ಫೋನ್ ಮಾಡೂದಿಲ್ಲ."

ಸೈಕಲ್ ತಕ್ಕಡಿಯಿಂದ ಇಳಿಯಿತು. ಫ್ಯಾನನ್ನು ಹೆಂಡತಿಯೇ ಹ್ಯಾಂಡಲ್ಲಿಗೆ ಕಟ್ಟಿದಳು, ಸರಿಯಾಗಿ ನನ್ನ ಮುಖಕ್ಕೆ. ಆ ಕಡೆ ತಿರುಗಿಸು ಎಂದರೆ, "ದೀಪಕ್ಕ ಗಾಳಿ ಬಡದ್ರ ಆರೀತು" ಎಂದಳು. ಇದು ಎಣ್ಣೆಯ ದೀಪವಲ್ಲವೆಂದು ಆಕೆಗೆ ಗೊತ್ತಿಲ್ಲವೆಂದಲ್ಲ.

ಈಗ ಮಾಗಿಯ ಚಳಿ. ನಸುಕಿನಲ್ಲಿ ಎಲ್ಲರೂ ಕಂಬಳಿ ಹೊದ್ದು, ಕಿವಿಗೆ ಮಫ್ಲರ್ ಸುತ್ತಿಕೊಂಡು ಡೇರಿ ಮುಂದೆ ನಿಂತಿರುತ್ತಾರೆ. ನಾನು ಫ್ಯಾನ್ ಹಾಕಿಕೊಂಡು ಬರುತ್ತೇನೆ.

"ಸೆಕ್ರೆಟರಿಯವರ, ಭಾಳ ಸೆಕಿ ಆಗ್ತೈತೇನ್ರಿ?" ಎಂದು ಎಮ್ಮೆಯ ಯಜಮಾನರು ದಿನಾ ಕೇಳುತ್ತಾರೆ.

"ಇಲ್ರಿ," ಎನ್ನುತ್ತೇನೆ, ಹಲ್ಲು ಕಟಕಟ ಎನ್ನುತ್ತಿರುತ್ತವೆ, "ಕತ್ತಲ ಭಾಳ ಐತಿ."