ಬಾಸ್ಕೆಟ್‌ಬಾಲ್ ಅಂಗಳವನ್ನು ಉಳಿಸಿದ ಮಹಾನುಭಾವ

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳವನ್ನು ಉಳಿಸಿದವನು ನಾನೇ. ಇದನ್ನು ಎದೆ ತಟ್ಟಿ ಹೇಳುತ್ತೇನೆ. ಹೇಗೆ ಉಳಿಸಿದೆ ಎಂದು ಮಾತ್ರ ದಯವಿಟ್ಟು ಯಾರೂ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ, ಹೊಟ್ಟೆಯ ಉರಿ ತಡೆಯಲಾಗುತ್ತಿಲ್ಲ!

ಹೈದರಾಬಾದಿನ ಕೊಂಡಾಪುರದ ಕಾಲೇಜೊಂದಕ್ಕೆ ನಾನು ಹುಡುಗಿಯರ ಬಾಸ್ಕೆಟ್‌ಬಾಲ್ ಕೋಚ್ ಆಗಿ ಸೇರಿದೆ. ಚೆನ್ನಾಗಿ ಕಲಿಸಿದ್ದೇ ತಪ್ಪಾಯಿತು. ಬಡ್ತಿ ಕೊಟ್ಟು ಕ್ರೀಡಾ ನಿರ್ದೇಶಕನನ್ನಾಗಿ ಮಾಡಿಬಿಟ್ಟರು. ಬಡ್ತಿ ಎಂದರೆ ಸಂಬಳ ಅದೇ; ಶಾಮಿಯಾನಾ ಹಾಕಿಸುವುದು, ಕುರ್ಚಿ ತರಿಸುವುದು, ಗಣ್ಯರಿಗೆ ಶಾಲು ಆರಿಸುವುದು ಹೆಚ್ಚುವರಿ. ಚೆಂಡು ಮುಟ್ಟಿ ಎಷ್ಟೋ ವರ್ಷಗಳಾದವು. ಆದರೆ ಬೈಯುವುದನ್ನು ಬಿಟ್ಟಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಕುವಂಥ ಬಾಸ್ಕೆಟ್ಟನ್ನೂ ತಪ್ಪಿಸುತ್ತೀರಲ್ಲ ಎಂದು ದಿನಾ ಹುಡುಗಿಯರನ್ನು ತೆಲುಗಿನಲ್ಲಿ ಗದರುತ್ತಿದ್ದೆ.

ಹೀಗಿರುವಾಗ ಆಡಳಿತ ಮಂಡಳಿಯ ಅಧ್ಯಕ್ಷರಾದ ಪಾಟೀಲರು ಕರೆಸಿದರು. ಬೀದರ್ ಕಡೆಯವರು, ನನ್ನೊಡನೆ ಕನ್ನಡವೇ.

"ದೇಸಾಯರ, ಬಿಲ್ಡಿಂಗ್ ಕೆಳಗ ಸೆಲ್ಲಾರ್‌ನಾಗ ಕಾರ್ ಹಿಡಿಯಾಕತ್ತಿಲ್ಲ. ನಿಮ್ಮ ಬಾಸ್ಕೆಟ್‌ಬಾಲ್ ಜಾಗಾದಾಗ ಪಾರ್ಕಿಂಗ್ ಮಾಡೂಣಂತೀನಿ. ಹುಡುಗ್ಯಾರು ಕೇರಂ ಆಡಲಿ. ಅದೂ ಸ್ಪೋರ್ಟ್ಸೇ ಅಲ್ರಿ?"

ಕೇರಂ! ನಮ್ಮ ತಂಡದ ನಾಯಕಿ ಶ್ರಾವಣಿ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಹುಡುಗಿ. ಆಟದ ಬಲದಿಂದಲೇ ಸೀಟು ಗಿಟ್ಟಿಸಿದವಳು. ಅವಳು ಕೇರಂ ಕಾಯಿ ಹೊಡೆಯಬೇಕೆ? ಈ ಅಂಗಳ ಹೋದರೆ ಆ ಮಕ್ಕಳಿಗೆ ಆಡಲು ಬೇರೆ ಜಾಗವೇ ಇಲ್ಲ. ಮೈಯೆಲ್ಲ ಉರಿದುಹೋಯಿತು. "ಆಗ್ಲಿ ಸಾಹೇಬ್ರ, ವಿಚಾರ ಮಾಡೂಣು" ಎಂದು ವೀರಾವೇಶದಿಂದ ಹೇಳಿ ಹೊರಬಂದೆ.

ಕುಷಾಯಿಗೂಡದ ಮನೆ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲೇ ನನಗೆ ಉಪಾಯ ಹೊಳೆದಿತ್ತು. ಹೆಂಡತಿ ವಿಮಲಾಗೆ ಹೇಳಿದೆ:

"ಮುಂದಿನ ವಾರ ಕಾಲೇಜುಗಳ ಪಂದ್ಯಾವಳಿ ಐತಲ್ಲ, ಉದ್ಘಾಟನಾಕ್ಕ ಪಾಟೀಲ್ರನ್ನ ಕರೀತೀನಿ. ರಿಬ್ಬನ್ ಗಿಬ್ಬನ್ ಬ್ಯಾಡ. ಮೊದಲನೇ ಬಾಸ್ಕೆಟ್ ಅವರ ಕೈಲೇ ಹಾಕಸ್ತೀನಿ. ಚೆಂಡು ಒಳಗ ಬಿತ್ತಂದ್ರ ಮನಸು ಕರಗ್ತೈತಿ, ಪಾರ್ಕಿಂಗ್ ಮರೀತಾರ."

"ಬೀಳಲಿಲ್ಲಂದ್ರ?"

"ಬೀಳದ ಏನ್ ಮಾಡ್ತೈತಿ? ನಾ ಇರ್ತೀನಲ್ಲ!"

ಉದ್ಘಾಟನೆಯ ದಿನ ಊರಿನ ತಂಡಗಳೆಲ್ಲ ಬಂದವು. ವಿಮಲಾ ಮುಂದಿನ ಸಾಲಿನಲ್ಲಿ ಕುಳಿತಳು. ಅಧ್ಯಕ್ಷರ ಬಾಸ್ಕೆಟ್ ಬಿದ್ದ ಮೇಲೆಯೇ ಪಂದ್ಯಗಳು ಆರಂಭವಾಗತಕ್ಕದ್ದು ಎಂದು ಮೈಕಿನಲ್ಲಿ ಘೋಷಿಸಿದೆ. ಘೋಷಿಸು ಎಂದು ನನಗೆ ಯಾರೂ ಹೇಳಿರಲಿಲ್ಲ!

ಅಧ್ಯಕ್ಷರು ಶಾಲು ಹೊದ್ದುಕೊಂಡೇ ಎಸೆದರು. ಬೀಳಲಿಲ್ಲ. ಚಪ್ಪಾಳೆ ಹೊಡೆಸಿದೆ. ಮತ್ತೆ ಎಸೆದರು, ಚೆಂಡು ಸಮೋಸಾ ತಟ್ಟೆಗೆ ಹೋಯಿತು. ಮತ್ತೊಮ್ಮೆ ಎಸೆದಾಗ ಶಾಮಿಯಾನಾದ ಮೇಲೇರಿ ಅಲ್ಲೇ ಕುಳಿತುಬಿಟ್ಟಿತು. ಕೋಲು ತಂದು ಇಳಿಸಿದೆವು. ಬಿಸಿಲು ಏರಿತು, ಅತಿಥಿ ತಂಡಗಳು ಆಕಳಿಸತೊಡಗಿದವು.

"ನಿಮ್ಮ ರಿಂಗ್ ಸೊಟ್ಟ ಐತ್ರಿ ದೇಸಾಯರ" ಎಂದರು ಅಧ್ಯಕ್ಷರು.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಳವನ್ನು ಕಿತ್ತುಕೊಳ್ಳುವುದಲ್ಲದೆ ಅದರ ಮೇಲೆ ಅಪವಾದ ಬೇರೆ! ಚೆಂಡು ಇಸಿದುಕೊಂಡೆ.

"ಸೊಟ್ಟ ಏನಿಲ್ರಿ ಸಾಹೇಬ್ರ. ಮೊಣಕೈ ಒಳಗ, ಕಣ್ಣು ರಿಂಗ್ ಮ್ಯಾಲ. ನೋಡ್ರಿ, ಹಿಂಗ!"

ಚೆಂಡು ರಿಂಗಿನ ಹತ್ತಿರಕ್ಕೂ ಹೋಗದೆ ಬಹಳ ವಿನಯದಿಂದ ಕೆಳಗಿಳಿಯಿತು.

"ಗಾಳಿ" ಎಂದೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮತ್ತೆ ಎಸೆದೆ. ಹಲಗೆಗೆ ಬಡಿದ ಚೆಂಡು ನೇರವಾಗಿ ನನ್ನ ಹಣೆಗೇ ಬಂತು. ಕನ್ನಡಕ ಹುಡುಕಿಕೊಂಡು ಎದ್ದು ನಿಂತು, "ರಿಂಗ್ ಸ್ವಲ್ಪ ಸೊಟ್ಟಾನ ಐತೇನೋ" ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ವಿಮಲಾ. ಶ್ರಾವಣಿ ಹತ್ತಿರ ಬಂದು, ಪರವಾಗಿಲ್ಲ ಸಾರ್, ಕಣ್ಣು ಮುಚ್ಚಿಕೊಂಡು ಹಾಕಿ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದಳು. ನನ್ನ ಮಾತನ್ನು ನನಗೇ ತಿರುಗಿಸಿದಳು, ಅಧಿಕಪ್ರಸಂಗಿ!

ಆದರೆ ಅಧ್ಯಕ್ಷರ ಮುಖ ಅರಳಿತು. ಮೈಕು ಹಿಡಿದರು. "ಕೋಚ್ ಆದ ದೇಸಾಯರಿಗೇ ಬೀಳವಲ್ದು! ಅಂದ್ರ ಇದು ಭಾಳ ಕಠಿಣ ಆಟ ಐತಿ. ಇಂಥಾ ಜಾಗಾದಾಗ ಕಾರ್ ನಿಲ್ಲಸಬಾರದು. ಪಾರ್ಕಿಂಗ್ ಕ್ಯಾನ್ಸಲ್!"

ಅಂಗಳ ಉಳಿಯಿತು. ಹುಡುಗಿಯರು ಕುಣಿದಾಡಿದರು. ಅಧ್ಯಕ್ಷರ ಪರವಾಗಿ ಶ್ರಾವಣಿ ಒಂದು ಬಾಸ್ಕೆಟ್ ಹಾಕಿ ಪಂದ್ಯಾವಳಿ ಶುರುಮಾಡಿದಳು. ಕಥೆ ಇಲ್ಲಿಗೇ ಮುಗಿಯಬೇಕಿತ್ತು.

ಮರುದಿನ ಮುಂಜಾನೆಯೇ ಅಧ್ಯಕ್ಷರು ಹೊಸ ಬೂಟು ಹಾಕಿಕೊಂಡು ಹಾಜರು! ಬಾಸ್ಕೆಟ್ ಬೀಳುವ ತನಕ ಬಿಡುವುದಿಲ್ಲವಂತೆ. ಮುಂಜಾನೆಯೂ ಅವರೇ, ಸಂಜೆಯೂ ಅವರೇ. ಕ್ರೀಡಾ ನಿರ್ದೇಶಕನಾದ ನಾನು ಅವರು ಎಸೆದ ಚೆಂಡಿನ ಹಿಂದೆ ಓಡಿ ಹೆಕ್ಕಿ ತರಬೇಕು. ಹುಡುಗಿಯರಿಗೋ, ಕಾರುಗಳು ಬರುವ ಮೊದಲು ಸೆಲ್ಲಾರಿನಲ್ಲಿ ಅಭ್ಯಾಸ. ಅಲ್ಲಿ ರಿಂಗೇ ಇಲ್ಲ. ಕಂಬಗಳ ನಡುವೆ ಚೆಂಡು ಬಡಿದುಕೊಂಡು ಓಡುತ್ತಾರೆ. ಇದೇನು ನ್ಯಾಯ? ಕೊನೆಗೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಸಾಹೇಬ್ರ, ಹುಡುಗ್ಯಾರಿಗೆ ಪ್ರಾಕ್ಟೀಸ್ ಮಾಡಾಕ ಅಂಗಳ ಬೇಕಾಗಿತ್ರಿ."

"ಅವರಿಗೆ ಆಟ ಬರ್ತೈತ್ರಿ. ಬರಲಾರದವರು ನಾವಿಬ್ಬರ. ಪ್ರಾಕ್ಟೀಸ್ ಯಾರಿಗೆ ಬೇಕು, ನೀವ ಹೇಳ್ರಿ?"

ಮತ್ತೆ ಚೆಂಡು ಹೆಕ್ಕಲು ಓಡಿದೆ.

ಕೊನೆಗೂ ಮೊನ್ನೆ ಅವರ ಚೆಂಡು ಬಿತ್ತು! ದೇವರೇ, ಮಕ್ಕಳಿಗೆ ಅಂಗಳ ಸಿಕ್ಕಿತು ಎಂದು ಕೈ ಮುಗಿದೆ. ಅಧ್ಯಕ್ಷರು ಬಂದು ಹೆಗಲ ಮೇಲೆ ಕೈಯಿಟ್ಟರು.

"ನಂದು ಆತು. ಇನ್ನ ನಿಮ್ಮದು ಬೀಳೂ ತನಕ ನಾ ಬಿಡೂದಿಲ್ಲ, ಹುಡುಗ್ಯಾರು ಕಾಯಲಿ. ಹಿಡೀರಿ ಚೆಂಡು. ಮೊಣಕೈ ಒಳಗ!"

ನನಗೆ ಕಲಿಸುತ್ತಾರೆ, ನನಗೆ!

ಈಗ ಇಡೀ ತಂಡದ ಭವಿಷ್ಯ ನನ್ನ ಮೊಣಕೈಯಲ್ಲಿದೆ. ಸೆಲ್ಲಾರಿನ ಬಾಗಿಲಲ್ಲಿ ಶ್ರಾವಣಿ ದಿನಾ ಆಸೆಗಣ್ಣಿನಿಂದ, ಬಿತ್ತಾ ಸಾರ್ ಎಂದು ಕೇಳುತ್ತಾಳೆ. ಗಾಳಿ ಇತ್ತಮ್ಮ ಎನ್ನುತ್ತೇನೆ. ಇಂದು ಬೆಳಿಗ್ಗೆ ಬುತ್ತಿ ಕೈಗಿಡುತ್ತ ವಿಮಲಾಳೂ ಕೇಳಿದಳು:

"ಇವತ್ತರ ಬೀಳ್ತೈತೇನ್ರಿ?"

ನಾನು ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿದೆ. ಉತ್ತರವನ್ನೂ ಅವಳೇ ಕೊಟ್ಟಳು:

"ಬೀಳದ ಏನ್ ಮಾಡ್ತೈತಿ? ನೀವು ಇರ್ತೀರಲ್ಲ!"