ಮಾವ್ಲುದಾ ಆಪಾಗೆ ಕಪ್ಪು ತುಂಬ ಚಹಾ

ಅತಿಥಿಸತ್ಕಾರದಲ್ಲಿ ನಮ್ಮ ಇಳಕಲ್ಲನ್ನು ಮೀರಿಸುವ ಊರು ಭೂಮಂಡಲದಲ್ಲಿಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಕಳೆದ ಜನವರಿ ಹನ್ನೊಂದರ ಬೆಳಗಿನ ಆರೂವರೆಗೆ ನಾನೇ ಹೊತ್ತುಕೊಂಡೆ. ದಿನಚರಿಯಲ್ಲಿ ಹಾಗೆಂದೇ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ!

ನನ್ನ ಮಗಳು ಖುಶನುಮಾ ಉಜ್ಬೇಕಿಸ್ತಾನದ ಸಮರಕಂದದಲ್ಲಿ ವೈದ್ಯಕೀಯ ಓದುತ್ತಾಳೆ. ಮಾವ್ಲುದಾ ಆಪಾ ಎಂಬ ಹಿರಿಯ ಹೆಣ್ಣುಮಗಳ ಮನೆಯ ಒಂದು ಕೋಣೆಯಲ್ಲಿ ಅವಳ ವಾಸ. ಹೋದ ವರ್ಷ ನಾನೂ ನನ್ನ ಹೆಂಡತಿ ಗೌಸಿಯಾಳೂ ಅಲ್ಲಿಗೆ ಹೋಗಿ, ಒಂದು ವಾರ ಆಪಾ ಕೈಯ ಊಟ ಉಂಡೆವು. ಗಜ್ಜರಿ ಹಾಕಿ ಬೇಯಿಸಿದ ಮಾಂಸದ ಅನ್ನ ಪರಾತಗಟ್ಟಲೆ! ಹೂವಿನಚ್ಚು ಒತ್ತಿದ ದಪ್ಪ ರೊಟ್ಟಿ ಬುಟ್ಟಿಗಟ್ಟಲೆ! ಆದರೆ ಚಹಾ? ಹಿಡಿಕೆಯಿಲ್ಲದ ಬಟ್ಟಲಿನ ತಳದಲ್ಲಿ ಎರಡೇ ಗುಟುಕು. ಕುಡಿದರೆ ಮತ್ತೆ ಎರಡು ಗುಟುಕು. ಒಂದೇ ಸಂಜೆ ಏಳು ಸಲ ಹಾಗೆ ಹಾಕಿದ್ದು ನನ್ನ ದಿನಚರಿಯಲ್ಲಿ ದಾಖಲಾಗಿದೆ.

“ಊಟ ಹೊಟ್ಟಿ ಒಡಿಯೂವಂಗ, ಚಾ ಮಾತ್ರ ಕಣ್ಣಿಗೆ ಔಷಧ ಬಿಟ್ಟಂಗ! ಯಾಕ್ರಿ?” ಎಂದು ಗೌಸಿಯಾ ಪಿಸುಗುಟ್ಟಿದ್ದಳು.

“ಸುಮ್ನಿರು. ಈ ದೇಶದಾಗ ಚಾಪುಡಿ ಸಿಗೂದ ಕಷ್ಟ ಇರಬೇಕು,” ಎಂದೆ. ಮಗಳನ್ನು ಕೇಳಲು ಸಂಕೋಚವಾಯಿತು.

ಅಂಥ ಆಪಾ ಈಗ ಬಾದಾಮಿ, ಪಟ್ಟದಕಲ್ಲು ನೋಡಲು ಪ್ರವಾಸಿ ತಂಡದೊಡನೆ ಬಂದಿದ್ದರು. ಒಂದು ಮಧ್ಯಾಹ್ನ ನಮ್ಮ ಮನೆಯ ಊಟಕ್ಕೆ ಒಪ್ಪಿದ್ದರು. ಹಿಂದಿನ ದಿನವೇ ಮಗಳ ಫೋನು ಬಂತು:

“ಅಬ್ಬಾ, ಆಪಾಗ ಬ್ಯಾಸರ ಆಗೂವಂಗ ಏನೂ ಮಾಡಬ್ಯಾಡ್ರಿ. ನಂದಿನ್ನ ಎರಡ ವರ್ಷ ಓದೈತಿ. ಈ ಖೋಲಿ ಹೋದ್ರ ಎಂಟ ಮಂದಿ ಜೋಡಿ ಹಾಸ್ಟೆಲಿನ್ಯಾಗ ಬೀಳಬೇಕು. ನಾಳೆ ಪರೀಕ್ಷಾ ಐತಿ, ಮಧ್ಯಾಹ್ನ ಒಂದೂವರಿ ತನಕ ನನ್ನ ಫೋನು ಬಂದ್ ಇರತೈತಿ.”

“ನೀ ನಿಶ್ಚಿಂತಿ ಪರೀಕ್ಷಾ ಬರಿ. ಅಕಿ ಜನ್ಮದಾಗ ಕಂಡಿರಬಾರದು, ಅಂಥಾ ಚಾ ಕುಡಸ್ತೇನಿ!” ಎಂದು ಅಭಯವಿತ್ತೆ.

ಮಧ್ಯಾಹ್ನ ಹನ್ನೆರಡು ಹತ್ತು. ಆಪಾ ಬಂದರು. ಐದು ಗಂಟೆಗೆ ಬರುವುದಾಗಿ ಹೇಳಿ ಅವರ ಕಾರು ಹೊರಟುಹೋಯಿತು. ನಾನು ಕೆಟಲನ್ನು ಎತ್ತರಕ್ಕೆತ್ತಿ, ಕಪ್ಪಿನ ಅಂಚು ಮುಳುಗುವಂತೆ, ಬಸಿಯೂ ತುಂಬುವಂತೆ ಚಹಾ ಸುರಿದೆ. ಆಪಾ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಬಾಡಿತು. ಬಿಸಿ ಚಹಾವನ್ನು ನಾಲಿಗೆ ಸುಟ್ಟುಕೊಂಡೇ ಕುಡಿದು ಮುಗಿಸಿ, ಎದೆಯ ಮೇಲೆ ಕೈಯಿಟ್ಟು “ರಹಮತ್” ಎಂದು ವಂದಿಸಿ, ಚೀಲ ಎತ್ತಿಕೊಂಡು ನಿಂತುಬಿಟ್ಟರು!

“ಏ ನಾಸೀರ, ಬಂದಾಕಿ ಕಾಲ ಮಡಚೂದ್ರಾಗ ಹೊಂಟ್ಳಲ್ಲೋ! ಏನಂದಿ ಅಕಿಗೆ?” ಎಂದು ನನ್ನ ತಾಯಿ ಮಾಸುಮಬಿ ಮಂಚದಿಂದಲೇ ಗದರಿದರು.

“ಏನೂ ಅಂದಿಲ್ಲ ಅಮ್ಮಾ!”

“ಹಂಗಾರ ಚಾ ಕಡಿಮಿ ಬಿದ್ದಿರಬೇಕು. ಇನ್ನೊಂದ ಹಾಕು. ಕೈ ಬಿಚ್ಚಿ ಹಾಕು!”

ಬೇಡಿಕೊಂಡು ಕೂರಿಸಿ, ಈ ಸಲ ಸ್ಟೀಲಿನ ದೊಡ್ಡ ಲೋಟದಲ್ಲಿ ತುಂಬಿಸಿ ಕೊಟ್ಟೆ. ಆಪಾ ಕಣ್ಣಂಚು ಒದ್ದೆಯಾಯಿತು. ಅರ್ಧ ಕುಡಿದು ಎದ್ದರು. ಮೊಬೈಲಿನ ಅನುವಾದಕದ ಮೂಲಕ, “ಏಕೆ ಹೊರಟಿರಿ?” ಎಂದು ಕೇಳಿದೆ. ಅವರ ಉತ್ತರವನ್ನು ಅದು ಭಾವರಹಿತ ದನಿಯಲ್ಲಿ ಓದಿತು: “ನಿಮ್ಮ ಇಚ್ಛೆಯಂತೆಯೇ ಹೊರಡುತ್ತಿದ್ದೇನೆ.”

ನನ್ನ ಇಚ್ಛೆಯೇ? ಒಳಗೆ ಗೌಸಿಯಾ ನಾಲ್ಕು ಗಂಟೆಗೆ ಎದ್ದು ಮಾಡಿದ ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮಾಂಸದ ಸಾರು, ಶೇಂಗಾ ಹೋಳಿಗೆ ಸಾಲಾಗಿ ಕಾಯುತ್ತಿದ್ದವು. ನನ್ನ ಕಣ್ಣಿಗೆ ಮಾತ್ರ ಎಂಟು ಮಂಚಗಳ ಹಾಸ್ಟೆಲ್ ಕಾಣುತ್ತಿತ್ತು. ಆಪಾ ಬೀದಿಗಿಳಿದು ಎದುರು ಮನೆಯ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಕುಳಿತರು. ನಾನು ಕೆಟಲ್ ಹಿಡಿದು ಬೆನ್ನತ್ತಿದೆ. ಅಲ್ಲಿಯೂ ಒಂದು ಕಪ್ಪು. ಅಲ್ಲಿಯೂ ತುಂಬಾ!

ಗೌಸಿಯಾ ಬಾಗಿಲಿಗೆ ಬಂದು ಹಣೆ ಬಡಿದುಕೊಂಡಳು. “ಊಟಕ್ಕ ಕರದು, ಚಾ ಕುಡಿಸಿ ಕುಡಿಸಿ ಓಡಸಾಕತ್ತೀರಲ್ರಿ! ಮಂದಿ ನೋಡಾಕತ್ತಾರ!”

ಒಂದೂವರೆಯವರೆಗೆ ಮಗಳಿಗೆ ಹತ್ತೊಂಬತ್ತು ಸಲ ಫೋನು ಮಾಡಿದೆ. ಇಪ್ಪತ್ತನೆಯದು ತಗುಲಿತು. ಉಸಿರು ಬಿಡದೆ ವರದಿ ಒಪ್ಪಿಸಿದೆ.

“ಅಬ್ಬಾ! ಅಲ್ಲೆ ಎರಡ ಗುಟುಕ ಹಾಕೂದು ಮರ್ಯಾದಿ. ‘ಇನ್ನ ಕುಂಡ್ರಿ, ಮತ್ತ ಮತ್ತ ಹಾಕ್ತೇನಿ’ ಅಂದಂಗ. ತುಂಬಿಸಿ ಕೊಟ್ರ ‘ಕುಡದು ಹೊಂಡ್ರಿ’ ಅಂತ! ಎಷ್ಟ ಸಲ ತುಂಬಿಸಿದ್ರಿ?”

“ಮೂರು,” ಎಂದೆ. ಸತ್ಯನಿಷ್ಠೆಯಿಂದ ಸೇರಿಸಿದೆ: “ಅದರಾಗ ಒಂದು ಲೋಟ.”

“ಯಾ ಅಲ್ಲಾ! ಬೀದ್ಯಾಗ ಕುಂತಾಕಿಗೂ ‘ಇಲ್ಲಿಂದನೂ ಹೋಗು’ ಅಂದ್ರಿ! ಫೋನು ಆಪಾ ಕೈಯಾಗ ಕೊಡ್ರಿ.”

ಕೊಟ್ಟೆ. ಆಪಾ ಮಗಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ತಲೆಯ ರುಮಾಲು ಜಾರುವಂತೆ ನಕ್ಕರು. ಒಳಗೆ ಬಂದು, ಖಡಕ್ ರೊಟ್ಟಿಯನ್ನು ಮುರಿದಾಗ ಆದ ಸದ್ದಿಗೆ ಬೆಚ್ಚಿ, ಮತ್ತೆ ನಕ್ಕು, ಮೂರು ರೊಟ್ಟಿ ಉಂಡರು. ಆದರೆ ಕೋಣೆಯ ಮಾತು ಎತ್ತಲಿಲ್ಲ. ನಾನು ಶೇಂಗಾ ಹೋಳಿಗೆ ಮುರಿಯುತ್ತ ಅವರ ಬಾಯಿಯನ್ನೇ ನೋಡುತ್ತಿದ್ದೆ.

ಊಟವಾದ ಮೇಲೆ ಆಪಾ ತಾವೇ ಕೆಟಲ್ ಎತ್ತಿಕೊಂಡರು. ನನ್ನ ತಾಯಿಗೆ ಎರಡು ಗುಟುಕು. ಗೌಸಿಯಾಳಿಗೆ ಎರಡು ಗುಟುಕು. ಮತ್ತೆ ಫೋನಿಗೆ ಬಂದ ಮಗಳಿಗೆ ಏನೋ ಹೇಳಿದರು.

“ಓದು ಮುಗಿಯೂ ತನಕ ಖೋಲಿ ನನಗ ಅಂತ, ಅಬ್ಬಾ!” ಎಂದು ಮಗಳು ಕೂಗಿದಳು.

ಧನ್ಯನಾಗಿ ನನ್ನ ಕಪ್ಪನ್ನು ಮುಂದೆ ಚಾಚಿದೆ. ಆಪಾ ಸುರಿದರು, ಸುರಿಯುತ್ತಲೇ ಇದ್ದರು. ಅಂಚು ಮುಳುಗಿತು, ಬಸಿ ತುಂಬಿತು, ಬೆರಳು ಸುಟ್ಟಿತು. ಬಳಿಕ ಎದೆಯ ಮೇಲೆ ಕೈಯಿಟ್ಟು ಗಂಭೀರವಾಗಿ ಬಾಗಿಲ ಕಡೆ ನೋಡಿದರು.

ಗೌಸಿಯಾ ತನ್ನ ಎರಡು ಗುಟುಕಿನಿಂದ ಕಣ್ಣೆತ್ತದೆ ಹೇಳಿದಳು: “ನಿಮ್ದು ತುಂಬೇತ್ರಿ. ಚಪ್ಪಲಿ ಹೊರಗ ಅದಾವು.”