ಐದನೆಯ ತಲೆ

ಎರಡು ದಿನಕ್ಕೆಂದು ಬಂದ ಅತ್ತೆ ಹನ್ನೊಂದನೆಯ ದಿನವೂ ಮಂಚದ ಮೇಲೆ ಕಾಲು ಚಾಚಿ ಕೂತಿದ್ದೇ ಹವಾಲ್ದಾರನ ಹೆಂಡತಿಯ ಫಜೀತಿಗೆಲ್ಲ ಮೂಲ.

ಮನೆ ಬೆಂಕಿಗೆ ಹೋದ ಮೇಲೆ ಮಾಜಿ ಸೈನಿಕರ ತಂಗುಮನೆಯಲ್ಲಿ ಎರಡು ತಿಂಗಳ ಮಟ್ಟಿಗೆ ಒಂದು ಕೋಣೆ ಸಿಕ್ಕಿತ್ತು. ಕೋಣೆಗೆ ನಾಲ್ಕೇ ಜನ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಲ್ಲಿಗೆ ಭರ್ತಿ. ಅತ್ತೆ ಬಂದಂದಿನಿಂದ ಅವಳು ಬಾಗಿಲ ಚಿಲಕವನ್ನೇ ತೆಗೆದಿರಲಿಲ್ಲ. ಇವತ್ತು ವಾರ್ಡನ್ ತಲೆ ಎಣಿಸಲು ಬರುವವರಿದ್ದರು.

"ಸಿಕ್ಕಿಬಿದ್ರೆ ಸಂಜೆಯೊಳಗೆ ಗಂಟುಮೂಟೆ ಬೀದಿಗೆ," ಎಂದಳು ಪಕ್ಕದ ಕೋಣೆಯ ರೇಡಿಯೋ ಅಕ್ಕ. ಎಲ್ಲರ ಸುದ್ದಿಯೂ ಅವಳ ಬಾಯಿಂದಲೇ ಬಿತ್ತರವಾಗುತ್ತಿದ್ದುದರಿಂದ ಆ ಹೆಸರು. "ಅತ್ತೇನ ನನ್ನ ಹತ್ರ ಕಳಿಸು ತಂಗಿ. ನಮ್ಮೆಜಮಾನ್ರು ಕೆಲಸಕ್ಕೆ ಹೋಗಿದಾರೆ. ಒಂದು ತಲೆ ಖಾಲಿ ಇದೆ."

ಅತ್ತೆ ಟ್ರಂಕ್ ಸಮೇತ ಹೋದರು. ಉಳಿದದ್ದು ಗಂಡನ ಬಾಯಿಯ ಭಯ. ಇಪ್ಪತ್ತು ವರ್ಷ ಬೆಳಗೂ ಸಂಜೆಯೂ ತಲೆ ಎಣಿಸಿ ವರದಿ ಒಪ್ಪಿಸಿದ ನಾಲಿಗೆ ಅದು.

"ರೀ, ಗಡ್ಡ ಬೆಳೆದಿದೆ, ಕ್ಷೌರದಂಗಡಿಗೆ ಹೋಗಿಬನ್ನಿ," ಎಂದು ಅವನನ್ನೂ ಸಾಗಹಾಕಿದಳು.

ವಾರ್ಡನ್ ಬಂದು ಎಣಿಸುವಷ್ಟರಲ್ಲಿ ಅವರ ಜೀಪು ಕಂಡ ಹವಾಲ್ದಾರ ಅರ್ಧ ಸುಣ್ಣ ಬಳಿದ ಗೋಡೆಯಂತೆ ಒಂದೇ ಕೆನ್ನೆಗೆ ನೊರೆ ಹಚ್ಚಿಕೊಂಡು ಓಡಿಬಂದು ಹಿಮ್ಮಡಿ ಕೂಡಿಸಿದ.

"ಒಟ್ಟು ಐದು ಸಾರ್. ಹಾಜರು ನಾಲ್ಕು, ಗೈರು ಒಂದು."

ಅವಳು ಮಕ್ಕಳಿಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ನೀನು ಹೋಗಿ ಇನ್ನೊಂದು ಕೆನ್ನೆ ಮುಗಿಸಪ್ಪಾ," ಎಂದ ವಾರ್ಡನ್ ಅವಳತ್ತ ತಿರುಗಿದರು. "ಐದು ಜನ ಅಂತ ಮೊದಲೇ ಹೇಳಬಾರದೇನಮ್ಮ?"

"ಹೊರಗೆ ಹಾಕಬೇಡಿ ಸಾರ್."

"ಮನೆ ಕಳ್ಕೊಂಡು ಬಂದೋರನ್ನ ಯಾರಮ್ಮ ಹೊರಗೆ ಹಾಕ್ತಾರೆ?" ಅವರು ಮೊಗಸಾಲೆಯ ನಿಯಮಗಳ ಫಲಕದ ಮೇಲೆ ರೇಡಿಯೋ ಅಕ್ಕ ದಿನಾ ಒಣಹಾಕುತ್ತಿದ್ದ ದುಪ್ಪಟಿಯನ್ನು ಸರಿಸಿದರು. ಕೆಳಗಿನ ಸಾಲು ಕಂಡಿತು: ಐವರಿದ್ದರೆ ಜೋಡಿ ಕೋಣೆ.

ಹನ್ನೊಂದು ದಿನ ಬಿಗಿಹಿಡಿದ ಉಸಿರು ಒಮ್ಮೆಲೇ ಹೊರಬಂತು.

"ಆದ್ರೆ ಉಳಿದಿದ್ದ ಒಂದೇ ಜೋಡಿ ಕೋಣೇನ ಈಗ ತಾನೇ ಪಕ್ಕದವರಿಗೆ ಕೊಟ್ಟೆ," ಎಂದರು ವಾರ್ಡನ್. " ಅವರ ಯಜಮಾನ್ರನ್ನೂ ಸೇರಿಸಿದ್ರೆ ಐದು ಜನ. ಅವರತ್ತೆ ಪಾಪ ಗೋಡೆ ಕಡೆ ಮುಖ ಮಾಡಿ ಮಲಗಿದ್ರು."

ಕಳ್ಳನಿಗೆ ಚೇಳು ಕುಟುಕಿದಂತಾಯಿತು. ಹೋಗಲಿ, ಅತ್ತೆಯಾದರೂ ಅತ್ತ ಹೋದರಲ್ಲ, ಮಂಚ ಸಿಕ್ಕಿತಲ್ಲ ಎಂದುಕೊಂಡಳು.

ಸಂಜೆ ಟ್ರಂಕ್ ಸದ್ದಾಯಿತು.

"ಅವಳ ಬಾಯಿಗೆ ಬಿಡುವೇ ಇಲ್ಲ ಕಣೇ," ಎನ್ನುತ್ತ ಅತ್ತೆ ಮಂಚದ ಮೇಲೆ ಕಾಲು ಚಾಚಿದರು. "ನನಗೆ ನೀನೇ ಸರಿ."

ಎರಡೂ ಕೆನ್ನೆ ಹೊಳೆಸುತ್ತ ನಿಂತಿದ್ದ ಹವಾಲ್ದಾರ ಎಣಿಸಿದ. "ಒಟ್ಟು ಐದು, ಹಾಜರು ಐದು."

"ಸದ್ಯ," ಎಂದು ನಗುತ್ತ ಅವಳು ಎಂದಿನಂತೆ ನೆಲಕ್ಕೆ ಚಾಪೆ ಹಾಸಿದಳು. ಬಾಗಿಲನ್ನು ಮಾತ್ರ ಪೂರಾ ತೆರೆದಿಟ್ಟಳು.